ಹಲಗೆಯ ಮೇಲಿನ ಚೀಲ ತಾನೇ ಮೇಲಕ್ಕೆ ಹತ್ತುತ್ತದೆಯೇ?

ಪ್ರಶ್ನೆ: ಸರ್, ನಾನು ಗಂಗಾವತಿಯವಳು. ಪ್ರಥಮ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾರೆ. ಲಾರಿಯಿಂದ ಭತ್ತದ ಚೀಲ ಇಳಿಸಲು ಅವರು ಹಲಗೆ ಇಡುತ್ತಾರೆ. ಕ್ಲಾಸಿನಲ್ಲಿ ಇಳಿಜಾರಿನ ಪಾಠ ಆದ ಮೇಲೆ ಅದರದೇ ಲೆಕ್ಕ ಮಾಡಿ ನೋಡಿದೆ. ಚೀಲ 75 ಕೆ.ಜಿ., ಹಲಗೆ 3 ಮೀಟರ್ ಉದ್ದ, ಲಾರಿಯ ತಳ ನೆಲದಿಂದ 1.2 ಮೀಟರ್ ಎತ್ತರ. ಮ್ಯೂ (ಚೀಲ, ಹಲಗೆ ನಡುವಿನ ಘರ್ಷಣಾಂಕ) ಬೆಲೆ ನಿಂತಾಗ 0.5, ಜಾರುವಾಗ 0.4 ಅಂತ ಇಟ್ಟುಕೋ ಎಂದು ಲೆಕ್ಚರರ್ ಹೇಳಿದರು. ಕೆಳಕ್ಕೆ ಎಳೆಯುವ ಬಲ 294 ನ್ಯೂಟನ್ ಬಂತು. ಘರ್ಷಣೆ 337 ನ್ಯೂಟನ್ ಬಂತು. ಕಳೆದರೆ ಮೈನಸ್ 43. ಹಾಗಾದರೆ ಚೀಲ ತಾನೇ ಹಲಗೆ ಹತ್ತಿ ಲಾರಿಗೆ ಹೋಗಬೇಕಲ್ವಾ? ಅಪ್ಪನಿಗೆ ಹೇಳಿದರೆ ನಕ್ಕರು. "ಸುಮ್ನೆ ಇಟ್ಟರೆ ಚೀಲ ನಿಲ್ಲುತ್ತೆ. ಒಂದು ಸಲ ಅಂಗೈಲಿ ನೂಕಿದರೆ ಆಮೇಲೆ ತಾನೇ ಇಳಿಯುತ್ತೆ" ಅಂದರು. ನನ್ನ ಲೆಕ್ಕ ಎಲ್ಲಿ ತಪ್ಪಿತು? ಎಲ್ಲಿ ಸೈನ್ ಹಾಕಬೇಕು, ಎಲ್ಲಿ ಕಾಸ್ ಹಾಕಬೇಕು ಅನ್ನುವುದೂ ಗೊಂದಲ. ಹಲಗೆಯ ಮೇಲೆ ಬೀಳುವ ಒತ್ತಡ ಚೀಲದ ತೂಕಕ್ಕಿಂತ ಯಾಕೆ ಕಡಿಮೆ? ಕೊನೆಯದು: ಚೀಲ ಲಾರಿಗೆ ಏರಿಸುವಾಗ ಹಲಗೆಯ ಮೇಲೆ ಎಳೆಯಬಹುದಲ್ಲ, ಯಾಕೆ ಹೊತ್ತುಕೊಂಡೇ ಹತ್ತುತ್ತಾರೆ?

ಉತ್ತರ: ತಂಗಿ, ಮೊದಲು ಒಂದು ಮಾತು. ನಿನ್ನ ಗುಣಾಕಾರ, ವ್ಯವಕಲನ ಯಾವುದೂ ತಪ್ಪಿಲ್ಲ. 294 ಸರಿ, 337 ಸರಿ, ಮೈನಸ್ 43 ಕೂಡ ಸರಿ. ತಪ್ಪಿದ್ದು ಆ 43ಕ್ಕೆ ನೀನು ಕೊಟ್ಟ ಅರ್ಥ. ನಾನು ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಈ ಮೈನಸ್ ಸಿಗುತ್ತಿತ್ತು. ಹೆಚ್ಚಿನವರು ಸದ್ದಿಲ್ಲದೆ ಚಿಹ್ನೆ ಅಳಿಸಿ ಪ್ಲಸ್ ಮಾಡಿಬಿಡುತ್ತಿದ್ದರು. ನೀನು ಅಳಿಸಲಿಲ್ಲ, ಹೋಗಿ ಅಪ್ಪನನ್ನು ಕೇಳಿದೆ. ಅದು ಒಳ್ಳೆಯ ಕೆಲಸ. ಅವರು ಕೊಟ್ಟ ಉತ್ತರದಲ್ಲಿ ಅರ್ಧ ಪಾಠ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸೈನ್, ಕಾಸ್ ಗೊಂದಲ ಮೊದಲು ಮುಗಿಸೋಣ. ಅದು ಬಗೆಹರಿಯದಿದ್ದರೆ ಮುಂದಿನದು ನಿಲ್ಲುವುದಿಲ್ಲ.

ಚೀಲದ ತೂಕ, ಪುಸ್ತಕದ ಎಂಜಿ, 75 ಗುಣಿಸು ಗುರುತ್ವದ 9.8, ಅಂದರೆ 735 ನ್ಯೂಟನ್. ಭೂಮಿ ಅದನ್ನು ನೇರ ಕೆಳಕ್ಕೆ ಎಳೆಯುತ್ತಿದೆ. ಹಲಗೆ ಇದೆಯೋ ಇಲ್ಲವೋ ಭೂಮಿಗೆ ಗೊತ್ತಿಲ್ಲ. ಆದರೆ ಚೀಲಕ್ಕೆ ನೇರ ಕೆಳಕ್ಕೆ ಹೋಗಲು ದಾರಿ ಇಲ್ಲ. ಅದು ಹಲಗೆಯ ಉದ್ದಕ್ಕೆ ಮಾತ್ರ ಹೋಗಬಲ್ಲದು. ಹಾಗಾಗಿ 735ರಲ್ಲಿ ಒಂದು ಪಾಲು ಹಲಗೆಯ ಗುಂಟ ಎಳೆಯುತ್ತದೆ, ಇನ್ನೊಂದು ಪಾಲು ಹಲಗೆಯನ್ನು ಒತ್ತುತ್ತದೆ. ಯಾವುದಕ್ಕೆ ಸೈನ್, ಯಾವುದಕ್ಕೆ ಕಾಸ್? ಬಾಯಿಪಾಠ ಮಾಡಬೇಡ. ಹಲಗೆಯನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸು. ಈಗ ಥೀಟಾ, ಅಂದರೆ ಹಲಗೆಗೂ ನೆಲಕ್ಕೂ ನಡುವಿನ ಕೋನ, ಸೊನ್ನೆ. ಮಲಗಿದ ಹಲಗೆಯ ಮೇಲೆ ಚೀಲ ಜಾರುತ್ತದೆಯೇ? ಇಲ್ಲ. ಅಂದರೆ ಜಾರಿಸುವ ಪಾಲು ಸೊನ್ನೆ ಆಗಬೇಕು. ಸೊನ್ನೆ ಡಿಗ್ರಿಗೆ ಸೊನ್ನೆ ಆಗುವುದು ಸೈನ್. ಆದ್ದರಿಂದ ಜಾರಿಸುವ ಪಾಲು ಎಂಜಿ ಸೈನ್ ಥೀಟಾ. ಈಗ ಹಲಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸು. ಥೀಟಾ 90. ಚೀಲ ಹಲಗೆಯನ್ನು ಸವರಿಕೊಂಡು ಧೊಪ್ ಅಂತ ಬೀಳುತ್ತದೆ, ಹಲಗೆಯನ್ನು ಒತ್ತುವುದೇ ಇಲ್ಲ. 90ಕ್ಕೆ ಸೊನ್ನೆ ಆಗುವುದು ಕಾಸ್. ಒತ್ತುವ ಪಾಲು ಎಂಜಿ ಕಾಸ್ ಥೀಟಾ. ಪರೀಕ್ಷೆಯ ಹಾಲ್‌ನಲ್ಲಿ ತಲೆ ಖಾಲಿ ಆದಾಗಲೂ ಈ ಹಲಗೆ ಮಲಗಿಸುವ ಉಪಾಯ ಕೈಕೊಡುವುದಿಲ್ಲ.

ಒತ್ತಡ ತೂಕಕ್ಕಿಂತ ಯಾಕೆ ಕಡಿಮೆ ಅನ್ನುವ ನಿನ್ನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಮಲಗಿದ ಹಲಗೆ ಪೂರ್ತಿ 735 ಹೊರುತ್ತದೆ. ನಿಂತ ಹಲಗೆ ಏನೂ ಹೊರುವುದಿಲ್ಲ. ನಡುವಿನ ಓರೆ ಹಲಗೆ ನಡುವಿನಷ್ಟು ಹೊರುತ್ತದೆ. ಹಲಗೆ ತನ್ನನ್ನು ಒತ್ತಿದಷ್ಟೇ ಬಲದಲ್ಲಿ ಚೀಲವನ್ನು ತಿರುಗಿ ಒತ್ತುತ್ತದೆ. ನೇರ ಮೇಲಕ್ಕಲ್ಲ, ಹಲಗೆಯ ಮೈಗೆ ಲಂಬವಾಗಿ. ಪುಸ್ತಕದಲ್ಲಿ ಇದನ್ನೇ ಲಂಬ ಬಲ ಅನ್ನುತ್ತಾರೆ, ಕ್ಲಾಸಿನಲ್ಲಿ ನಾವೆಲ್ಲ ನಾರ್ಮಲ್ ಅನ್ನುತ್ತೇವೆ. ಚಿತ್ರ ಬರೆಯುವಾಗ ನಾರ್ಮಲ್ ಬಾಣವನ್ನು ನೇರ ಆಕಾಶಕ್ಕೆ ತೋರಿಸಿದರೆ ಅಲ್ಲಿಗೆ ಲೆಕ್ಕ ಕೆಟ್ಟಿತು ಅಂತಲೇ ತಿಳಿ.

ನಿನ್ನ ಹಲಗೆಗೆ ಕೋನ ಅಳೆಯುವ ಗೋಜೂ ಬೇಡ. ಸೈನ್ ಅಂದರೆ ಎತ್ತರ ಭಾಗಿಸು ಉದ್ದ. 1.2 ಭಾಗಿಸು 3, ಅಂದರೆ 0.4. ಜಾರಿಸುವ ಪಾಲು 735ರಲ್ಲಿ 0.4, ಅದು 294 ನ್ಯೂಟನ್. ಹಲಗೆಯ ಬುಡದಿಂದ ಲಾರಿಯ ತನಕ ನೆಲದ ಮೇಲಿನ ದೂರ ಸುಮಾರು 2.75 ಮೀಟರ್. ಅದನ್ನು 3ರಿಂದ ಭಾಗಿಸಿದರೆ ಕಾಸ್, ಸುಮಾರು 0.917. ಒತ್ತುವ ಪಾಲು 674 ನ್ಯೂಟನ್. ಇಲ್ಲಿ ಜಾಣ ಹುಡುಗರು ಒಂದು ತಕರಾರು ತೆಗೆಯುತ್ತಾರೆ: 294 ಮತ್ತು 674 ಕೂಡಿದರೆ 968 ಆಯಿತಲ್ಲ ಸರ್, 735 ಎಲ್ಲಿ ಹೋಯಿತು ಅಂತ. ಬಲಗಳು ದುಡ್ಡಿನ ಹಾಗೆ ಕೂಡುವುದಿಲ್ಲ. ಇಲ್ಲಿಯ ಹಾಗೆ ಎರಡು ಬಲ ಒಂದಕ್ಕೊಂದು ಲಂಬವಾಗಿದ್ದಾಗ ಎರಡರ ವರ್ಗ ಕೂಡಿ ವರ್ಗಮೂಲ ತೆಗೆಯಬೇಕು. ತೆಗೆದು ನೋಡು, 735 ಬರುತ್ತದೆ.

ಎತ್ತರ ಭಾಗಿಸು ಉದ್ದ ಅನ್ನುವುದು ಯಾಕೆ ನಿಜ ಅಂತ ತ್ರಿಕೋನಮಿತಿ ಇಲ್ಲದೆ ತೋರಿಸಿದವನು ಸೈಮನ್ ಸ್ಟೆವಿನ್. ಈಗಿನ ಬೆಲ್ಜಿಯಂನ ಬ್ರೂಜ್ ಊರಿನವನು. 1586ರಲ್ಲಿ ಅಚ್ಚಾದ ಅವನ ವಾದ ನನಗೆ ಇವತ್ತಿಗೂ ಇಷ್ಟ. ಎರಡು ಇಳಿಜಾರುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ ಅಂದುಕೋ, ಮನೆಯ ಮಾಡಿನ ಹಾಗೆ. ಒಂದು ಬದಿ ಇನ್ನೊಂದರ ಎರಡು ಪಟ್ಟು ಉದ್ದ. ಇದರ ಮೇಲೆ 14 ಗುಂಡುಗಳ ಒಂದು ಹಾರ ಹಾಕು. ಉದ್ದ ಬದಿಯಲ್ಲಿ 4 ಗುಂಡು, ಗಿಡ್ಡ ಬದಿಯಲ್ಲಿ 2, ಉಳಿದ 8 ಕೆಳಗೆ ಜೋತಾಡುತ್ತವೆ. ಘರ್ಷಣೆ ಇಲ್ಲವೇ ಇಲ್ಲ ಅಂದುಕೋ. ಹಾರ ತಾನೇ ತಿರುಗುತ್ತದೆಯೇ? ತಿರುಗಿತು ಅಂದರೆ ಒಂದು ಗುಂಡಿನ ಜಾಗಕ್ಕೆ ಇನ್ನೊಂದು ಬರುತ್ತದೆ, ನೋಟ ಮೊದಲಿನ ಹಾಗೇ ಇರುತ್ತದೆ. ಮತ್ತೆ ತಿರುಗಬೇಕಾಗುತ್ತದೆ, ಮತ್ತೆ ಮತ್ತೆ, ಕೊನೆಯೇ ಇಲ್ಲದೆ. ಹಾಗೆ ಪುಕ್ಕಟೆ ತಿರುಗುವ ಯಂತ್ರ ಲೋಕದಲ್ಲಿಲ್ಲ. ಆದ್ದರಿಂದ ಹಾರ ನಿಂತೇ ಇರುತ್ತದೆ. ಕೆಳಗೆ ಜೋತಾಡುವ 8 ಗುಂಡು ಎರಡೂ ಕಡೆ ಸಮ ಎಳೆಯುತ್ತವೆ, ಅವನ್ನು ಕತ್ತರಿಸಿ ತೆಗೆದರೂ ವ್ಯತ್ಯಾಸ ಇಲ್ಲ. ಉಳಿದದ್ದು ಏನು? ಉದ್ದ ಬದಿಯ 4 ಗುಂಡು, ಗಿಡ್ಡ ಬದಿಯ 2 ಗುಂಡಿಗೆ ಸಮ. ಅಂದರೆ ಅದೇ ಎತ್ತರಕ್ಕೆ ಇಳಿಜಾರು ಎರಡು ಪಟ್ಟು ಉದ್ದವಾದರೆ ಪ್ರತಿ ಗುಂಡಿನ ಎಳೆತ ಅರ್ಧವಾಗುತ್ತದೆ. ನಿನ್ನ ಎಂಜಿ ಸೈನ್ ಥೀಟಾ ಇದೇ, ಬೇರೆ ಏನೂ ಅಲ್ಲ.

ಇನ್ನು ನಿನ್ನ ಮೈನಸ್ 43ಕ್ಕೆ ಬರೋಣ.

ನಾರ್ಮಲ್ 674. ಅದನ್ನು 0.5ರಿಂದ ಗುಣಿಸಿದೆ, 337 ಬಂತು. ಇದನ್ನು ಘರ್ಷಣೆ ಅಂತ ಬರೆದೆ. ಅಲ್ಲೇ ಕಾಲು ಜಾರಿದ್ದು. 337 ಅನ್ನುವುದು ಘರ್ಷಣೆ ಅಲ್ಲ, ಘರ್ಷಣೆ ಕೊಡಬಲ್ಲ ಅತಿ ಹೆಚ್ಚಿನ ಬಲ. ನಿಮ್ಮ ಓಣಿಯ ಅಂಗಡಿಯ ಉದ್ದರಿ ಪುಸ್ತಕ ನೆನಪಿಸಿಕೋ. ಅಂಗಡಿಯವರು ನಿಮ್ಮ ಮನೆಗೆ 337 ರೂಪಾಯಿಯ ತನಕ ಉದ್ದರಿ ಕೊಡುತ್ತಾರೆ ಅಂತ ಇಟ್ಟುಕೋ. ನೀನು 294 ರೂಪಾಯಿಯ ಸಾಮಾನು ತಂದೆ. ಪುಸ್ತಕದಲ್ಲಿ ಎಷ್ಟು ಬರೆಯುತ್ತಾರೆ? 294. ಉಳಿದ 43 ರೂಪಾಯಿಯನ್ನು ತಂದು ನಿನ್ನ ಕೈಗೆ ಕೊಡುತ್ತಾರೆಯೇ? ಇಲ್ಲ. ಅದು ಇನ್ನೂ ಬಾಕಿ ಇರುವ ಅವಕಾಶ, ಅಷ್ಟೇ.

ನಿಂತ ಚೀಲಕ್ಕೆ ಘರ್ಷಣೆ ಹಾಗೇ ಲೆಕ್ಕ ಇಡುತ್ತದೆ. ಕೇಳಿದಷ್ಟು ಕೊಡುತ್ತದೆ, ಒಂದು ನ್ಯೂಟನ್ ಜಾಸ್ತಿ ಕೊಡುವುದಿಲ್ಲ. ಮಲಗಿದ ಹಲಗೆಯ ಮೇಲೆ ಚೀಲ ಸುಮ್ನೆ ಕೂತಾಗ ಘರ್ಷಣೆ ಎಷ್ಟು? ಸೊನ್ನೆ. ಮ್ಯೂ 0.5 ಇದ್ದರೂ, ನಾರ್ಮಲ್ 735 ಇದ್ದರೂ ಸೊನ್ನೆ. ಯಾರೂ ಎಳೆಯುತ್ತಿಲ್ಲ, ತಡೆಯಲು ಏನೂ ಇಲ್ಲ. ಹಲಗೆಯ ಒಂದು ತುದಿ ನಿಧಾನ ಎತ್ತುತ್ತಾ ಹೋದ ಹಾಗೆ ಜಾರಿಸುವ ಪಾಲು ಏರುತ್ತದೆ, ಘರ್ಷಣೆಯೂ ಅದರ ಬೆನ್ನಿಗೇ ಸರಿಸಮ ಏರುತ್ತದೆ. ನಿನ್ನ ಹಲಗೆಯಲ್ಲಿ ಎಳೆತ 294, ಘರ್ಷಣೆಯೂ 294. ಚೀಲ ಅಲ್ಲಾಡುವುದಿಲ್ಲ. ಆದ್ದರಿಂದ ಲೆಕ್ಕದಲ್ಲಿ ಮೊದಲ ಹೆಜ್ಜೆ ಕಳೆಯುವುದಲ್ಲ, ಹೋಲಿಸುವುದು. ಎಳೆತ ಮಿತಿಯ ಒಳಗಿದೆಯೇ? ಇದ್ದರೆ ಚೀಲ ನಿಂತಿದೆ, ಘರ್ಷಣೆ ಎಳೆತದಷ್ಟೇ, ಅಲ್ಲಿಗೆ ಲೆಕ್ಕ ಮುಗಿಯಿತು. ಮಿತಿ ದಾಟಿದರೆ ಮಾತ್ರ ಮುಂದಿನ ಕಳೆಯುವ ಕೆಲಸ.

ಹಾಗಾದರೆ 43 ಸುಳ್ಳಾ? ಅಲ್ಲ. ಅದು ನಿನ್ನ ಅಪ್ಪನ ಅಂಗೈ! ಚೀಲವನ್ನು ಕದಲಿಸಲು ಮೇಲಿನಿಂದ ಇನ್ನೆಷ್ಟು ನೂಕಬೇಕು ಅಂತ ಕೇಳಿದರೆ ಉತ್ತರ 43 ನ್ಯೂಟನ್. ಸುಮಾರು 4.4 ಕೆ.ಜಿ. ಭಾರದಷ್ಟು. ಅಂಗೈಲಿ ಒಂದು ಸಲ ನೂಕಿದರೆ ಸಾಕು ಅಂತ ಅವರು ಹೇಳಿದ್ದು ಇದನ್ನೇ. 75 ಕೆ.ಜಿ. ಚೀಲ 4.4 ಕೆ.ಜಿ.ಯ ನೂಕಿಗೆ ಕಾದು ಕೂತಿದೆ.

ಅವರ ಮಾತಿನ ಎರಡನೆಯ ಅರ್ಧ ಇನ್ನೂ ಚೆನ್ನಾಗಿದೆ: ಆಮೇಲೆ ತಾನೇ ಇಳಿಯುತ್ತೆ. ಒಮ್ಮೆ ಕದಲಿದ ಮೇಲೆ ಮ್ಯೂ 0.4ಕ್ಕೆ ಇಳಿಯಿತು. ಜಾರುವಾಗಿನ ಘರ್ಷಣೆಗೆ ಉದ್ದರಿ ಪುಸ್ತಕ ಇಲ್ಲ. ಅದು ಖಂಡಿತವಾಗಿ ಮ್ಯೂ ಗುಣಿಸು ನಾರ್ಮಲ್, 674ರಲ್ಲಿ 0.4, ಅಂದರೆ ಸುಮಾರು 269 ನ್ಯೂಟನ್. ಎಳೆತ ಇನ್ನೂ 294. ಈಗ ಕಳೆಯಬಹುದು. 25 ನ್ಯೂಟನ್ ಉಳಿಯಿತು, ಕೆಳಮುಖ. 75ರಿಂದ ಭಾಗಿಸಿದರೆ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, 0.33. ಮೂರು ಮೀಟರ್ ಜಾರಿ ಬುಡಕ್ಕೆ ಬರುವಾಗ ವೇಗ ಸೆಕೆಂಡಿಗೆ 1.4 ಮೀಟರ್. ಮನುಷ್ಯ ನಡೆಯುವ ವೇಗ ಅದು. ಕೆಳಗೆ ನಿಂತವರು ಆರಾಮಾಗಿ ಹಿಡಿಯಬಹುದು. ಬಿಟ್ಟರೆ ನಿಲ್ಲುತ್ತದೆ, ನೂಕಿದರೆ ನಿಧಾನ ಇಳಿಯುತ್ತದೆ. ಇಂಥ ಹಲಗೆ ಸಿಗುವುದು ಟ್ಯಾನ್ ಥೀಟಾ (ಎತ್ತರ ಭಾಗಿಸು ನೆಲದ ದೂರ; ಎಳೆತ ಭಾಗಿಸು ನಾರ್ಮಲ್ ಮಾಡಿದರೂ ಅದೇ) ಬೆಲೆ ಎರಡು ಮ್ಯೂಗಳ ನಡುವೆ ಬಿದ್ದಾಗ ಮಾತ್ರ. ನಿನ್ನದು 0.436. ಒಂದು ಕಡೆ 0.4, ಇನ್ನೊಂದು ಕಡೆ 0.5. ಸರಿಯಾಗಿ ಸಂದಿಯಲ್ಲಿ ಕೂತಿದೆ. ಹಮಾಲರು ಟ್ಯಾನ್ ನೋಡಿ ಹಲಗೆ ಇಡುವುದಿಲ್ಲ, ಹಿಂದೆ ಮುಂದೆ ಸರಿಸಿ ಕೈಗೆ ಹದ ಅನ್ನಿಸಿದಲ್ಲಿ ನಿಲ್ಲಿಸುತ್ತಾರೆ. ಬರುವುದು ಅದೇ ಜಾಗ.

ಈಗ ಅದೇ ಹಲಗೆಯನ್ನು ತಳ ಎತ್ತರ ಇರುವ ಲಾರಿಗೆ ಹಚ್ಚು. ತಳ 1.5 ಮೀಟರ್ ಅಂದುಕೋ. ಸೈನ್ 0.5 ಆಯಿತು, ಕೋನ 30 ಡಿಗ್ರಿ. ಎಳೆತ 367. ನಾರ್ಮಲ್ 637ಕ್ಕೆ ಇಳಿಯಿತು, ಹಾಗಾಗಿ ಘರ್ಷಣೆಯ ಮಿತಿಯೂ 318ಕ್ಕೆ ಇಳಿಯಿತು. ಗಮನಿಸು, ಹಲಗೆ ಕಡಿದಾದ ಹಾಗೆ ಎರಡು ಕಡೆಯಿಂದ ಹೊಡೆತ. ಎಳೆತ ಏರುತ್ತದೆ, ತಡೆಯುವ ಶಕ್ತಿ ಇಳಿಯುತ್ತದೆ. ಚೀಲ ಇಟ್ಟ ತಕ್ಷಣ ಜಾರಿತು. ಜಾರುವಾಗಿನ ಘರ್ಷಣೆ 255, ಉಳಿದ ಬಲ ಸುಮಾರು 113 ನ್ಯೂಟನ್, ವೇಗೋತ್ಕರ್ಷ 1.5. ಎರಡು ಸೆಕೆಂಡಿನಲ್ಲಿ ಬುಡದಲ್ಲಿರುತ್ತದೆ, ವೇಗ ಸೆಕೆಂಡಿಗೆ 3 ಮೀಟರ್. ಲಾರಿಯ ತಳ ಏರಿದ್ದು ಬರೀ ಒಂದು ಅಡಿ. ಚೀಲದ ವೇಗ ಎರಡು ಪಟ್ಟಿಗೂ ಮೇಲೆ ಹೋಯಿತು. ಕಾಲ ಮೇಲೆ ಬಂದರೆ ಮೂಳೆ ಉಳಿಯುವುದು ಕಷ್ಟ.

ನೀನು ಕೇಳದ ಒಂದನ್ನು ಹೇಳಿಬಿಡುತ್ತೇನೆ. 75ರ ಬದಲು 50 ಕೆ.ಜಿ. ಚೀಲ ಇಟ್ಟರೆ? ಅದೇ ಹಲಗೆಯಲ್ಲಿ ಅದೂ ನಿಲ್ಲುತ್ತದೆ, ನೂಕಿದರೆ ಅದೇ ವೇಗದಲ್ಲಿ ಇಳಿಯುತ್ತದೆ. ಎಳೆತದಲ್ಲೂ ತೂಕ ಇದೆ, ಘರ್ಷಣೆಯಲ್ಲೂ ತೂಕ ಇದೆ, ಎರಡೂ ಹೊಡೆದು ಹೋಗುತ್ತವೆ. ಚೀಲ ಅಡ್ಡ ಮಲಗಿಸಿದರೂ, ಮಗ್ಗುಲಾಗಿ ನಿಲ್ಲಿಸಿದರೂ ಘರ್ಷಣೆ ಹೆಚ್ಚು ಕಡಿಮೆ ಅದೇ. ತಾಗುವ ಜಾಗ ದೊಡ್ಡದಾದರೆ ಘರ್ಷಣೆ ಜಾಸ್ತಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾಗಲ್ಲ ಅಂತ 1699ರಲ್ಲಿ ಫ್ರಾನ್ಸಿನ ಅಮೊಂಟೊನ್ಸ್ ಅಳೆದು ಹೇಳಿದ. 1780ರ ದಶಕದಲ್ಲಿ ಕೂಲಂಬ್ ಇನ್ನೂ ಹಲವು ಬಗೆಯ ಮರ, ಲೋಹ ಇಟ್ಟು ಪರೀಕ್ಷೆ ಮಾಡಿದ. ವಿದ್ಯುತ್ ಪಾಠದಲ್ಲಿ ಬರುವ ಕೂಲಂಬ್ ಇವನೇ.

ಇನ್ನು ಎಳೆಯುವ ಬದಲು ಯಾಕೆ ಹೊರುತ್ತಾರೆ ಅನ್ನುವುದು. ನಿನ್ನ ನಾಲ್ಕು ಪ್ರಶ್ನೆಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದು. ಪುಸ್ತಕ ಓದಿದವರಿಗೆ ಇಳಿಜಾರು ಅಂದರೆ ಶ್ರಮ ಉಳಿಸುವ ಸರಳ ಯಂತ್ರ. 735 ನ್ಯೂಟನ್ ಎತ್ತುವ ಬದಲು 294 ನ್ಯೂಟನ್ ಎಳೆದರೆ ಸಾಕಲ್ಲ, ಹಮಾಲರಿಗೆ ಇಷ್ಟು ಗೊತ್ತಿಲ್ಲವೇ ಅಂತ ನಾನೂ ವಿದ್ಯಾರ್ಥಿಯಾಗಿದ್ದಾಗ ಅಂದುಕೊಂಡಿದ್ದೆ. ಗೊತ್ತಿಲ್ಲದೆ ಇದ್ದದ್ದು ನನಗೆ.

ಚೀಲವನ್ನು ಮೇಲಕ್ಕೆ ಎಳೆದಾಗ ಘರ್ಷಣೆ ದಿಕ್ಕು ಬದಲಿಸುತ್ತದೆ. ಚಲನೆ ಯಾವ ಕಡೆಗೋ ಅದರ ವಿರುದ್ಧ ಕಡೆಗೆ ಅದು. ಇಲ್ಲಿಯ ತನಕ ಮೇಲಕ್ಕೆ ಹಿಡಿದಿತ್ತು, ಈಗ ಕೆಳಕ್ಕೆ ಎಳೆಯುತ್ತದೆ. ಚೀಲ ಕದಲಿಸಲು 294 ಮತ್ತು 337 ಎರಡೂ ಸೇರಿ 631 ನ್ಯೂಟನ್ ಬೇಕು. 64 ಕೆ.ಜಿ. ಭಾರ ಎತ್ತಿದ ಹಾಗೆ! ನೇರ ಎತ್ತಿದರೆ 75. ಉಳಿದದ್ದು 11 ಕೆ.ಜಿ.ಯಷ್ಟು ಮಾತ್ರ, ಅದೂ 1.2 ಮೀಟರ್ ಬದಲು 3 ಮೀಟರ್ ದೂರ. ಕದಲಿದ ಮೇಲೆ ಬೇಕಾಗುವುದು 563. ಮೂರು ಮೀಟರಿಗೆ 1,690 ಜೂಲ್ ಕೆಲಸ. ನೇರ ಎತ್ತಿದರೆ 882 ಜೂಲ್. ಹೆಚ್ಚಿನ 800 ಚಿಲ್ಲರೆ ಜೂಲ್ ಎಲ್ಲ ಹಲಗೆಯನ್ನೂ ಗೋಣಿಯನ್ನೂ ಬಿಸಿ ಮಾಡಿ ಹೋಯಿತು.

ಹಲಗೆ ಇನ್ನೂ ಕಡಿದಾದರೆ ತಮಾಷೆ ಇದೆ. ಮ್ಯೂ 0.5 ಇದ್ದಾಗ ಸೈನ್ 0.6, ಕಾಸ್ 0.8 ಆಗುವ ಕೋನ ತಗೋ. ನಮ್ಮ ಹಳೆಯ 3, 4, 5ರ ತ್ರಿಕೋನ, ಸುಮಾರು 37 ಡಿಗ್ರಿ. 0.6ಕ್ಕೆ 0.8ರ ಅರ್ಧ ಕೂಡಿಸಿದರೆ ಸರಿಯಾಗಿ ಒಂದು. ಅಂದರೆ ಅಲ್ಲಿ ಎಳೆಯುವ ಬಲ ಪೂರ್ತಿ 735. ಅದಕ್ಕಿಂತ ಕಡಿದಾಗಿಸಿದರೆ ಹಲಗೆಯ ಮೇಲೆ ಎಳೆಯುವುದಕ್ಕಿಂತ ಹಲಗೆ ಬಿಸಾಕಿ ನೇರ ಎತ್ತುವುದೇ ಹಗುರ!

ಹಿಂದೆ ನಿಂತು ನೆಲಕ್ಕೆ ಸಮಾನಾಂತರವಾಗಿ ನೂಕಿದರೆ ಇನ್ನೂ ಕೆಡುತ್ತದೆ. ಆ ನೂಕಿನ ಒಂದು ಪಾಲು ಚೀಲವನ್ನು ಹಲಗೆಗೆ ಅದುಮುತ್ತದೆ. ನಾರ್ಮಲ್ ಏರಿತು, ಅದರ ಜೊತೆಗೆ ಘರ್ಷಣೆಯೂ ಏರಿತು. ನಿನ್ನ 1.2 ಮೀಟರಿನ ಹಲಗೆಗೇ ಲೆಕ್ಕ ಹಾಕಿದರೆ 880 ನ್ಯೂಟನ್ ಬರುತ್ತದೆ, ಚೀಲದ ತೂಕಕ್ಕಿಂತ ಹೆಚ್ಚು. ನಾರ್ಮಲ್ ಯಾವಾಗಲೂ ಎಂಜಿ ಕಾಸ್ ಥೀಟಾ ಅಂತ ಕಣ್ಣು ಮುಚ್ಚಿ ಬರೆಯುವವರು ಇಲ್ಲಿ ಬೀಳುತ್ತಾರೆ. ಹೊರಗಿನ ಬಲ ಹಲಗೆಯ ಗುಂಟ ಇದ್ದರೆ ಮಾತ್ರ ಆ ಸೂತ್ರ. ಓರೆಯಾಗಿ ಒತ್ತಿದರೆ ನಾರ್ಮಲ್ ಹೆಚ್ಚುತ್ತದೆ, ಹಗ್ಗ ಕಟ್ಟಿ ಕೊಂಚ ಎತ್ತಿ ಎಳೆದರೆ ಕಡಿಮೆ ಆಗುತ್ತದೆ. ಪ್ರತಿ ಸಲ ಹಲಗೆಗೆ ಲಂಬ ದಿಕ್ಕಿನ ಬಲಗಳನ್ನೆಲ್ಲ ಸಮ ಮಾಡಿಯೇ ನಾರ್ಮಲ್ ಬರೆಯಬೇಕು.

ಹೊತ್ತುಕೊಂಡು ಹತ್ತುವವರ ಕಡೆ ಈಗ ನೋಡು. ಚೀಲ ಬೆನ್ನ ಮೇಲಿದೆ, ಹಲಗೆಗೆ ಉಜ್ಜುವುದಿಲ್ಲ. ಪಾದ ಮಾತ್ರ ಹಲಗೆಗೆ ತಾಗುತ್ತದೆ, ಅದೂ ಜಾರದೆ ಊರಿ ನಿಲ್ಲುತ್ತದೆ. ಎಳೆಯುವಾಗ ಶತ್ರುವಾಗಿದ್ದ ಘರ್ಷಣೆ ಇಲ್ಲಿ ಪಾದ ಹಿಡಿದು ನಿಲ್ಲಿಸುವ ನೆಂಟ. ಅದು ಬಿಸಿಯಾಗಿ ಕಳೆದು ಹೋಗುವುದೂ ಇಲ್ಲ, ಯಾಕೆಂದರೆ ಉಜ್ಜಾಟವೇ ಇಲ್ಲ. ಸ್ವಂತ ಮೈಭಾರ 60 ಕೆ.ಜಿ. ಅಂತ ಹಿಡಿದರೂ ಮೈ, ಚೀಲ ಎರಡನ್ನೂ 1.2 ಮೀಟರ್ ಏರಿಸಲು 1,588 ಜೂಲ್. ಬರೀ ಚೀಲ ಎಳೆಯುವ 1,690ಕ್ಕಿಂತ ಕಡಿಮೆ. ಎಳೆಯುವವನು ತಾನೂ ಜೊತೆಗೆ ಹಲಗೆ ಹತ್ತಬೇಕು, ಅದು ಬೇರೆ ಲೆಕ್ಕ. ಎಳೆಯುವುದು ತೋಳು, ಸೊಂಟದ ಕೆಲಸ, ಹತ್ತುವುದು ತೊಡೆಯ ಕೆಲಸ. ಯಾವುದು ಗಟ್ಟಿ ಅಂತ ಹೇಳಬೇಕಿಲ್ಲ. ಪಾದಕ್ಕೂ ಅದೇ ಟ್ಯಾನ್ ನಿಯಮ ಇದೆ. ಹಲಗೆ ಒದ್ದೆಯಾದರೆ, ಧೂಳು ಕೂತರೆ ಮ್ಯೂ ಇಳಿಯುತ್ತದೆ, ಕಾಲು ಜಾರುತ್ತದೆ. ಅದಕ್ಕೇ ಹಲಗೆಗೆ ಅಡ್ಡಪಟ್ಟಿ ಹೊಡೆಯುವುದು. ಚೀಲ ಎಳೆಯುವುದೇ ಆದರೆ ಅಡಿಗೆ ಚಕ್ರ ಬೇಕು. ಚಕ್ರದ ಕೈಗಾಡಿ ಇದ್ದರೆ ಬಲ ಹೆಚ್ಚು ಕಡಿಮೆ 294ರ ಹತ್ತಿರಕ್ಕೆ ಬರುತ್ತದೆ. ಆಗ ಮಾತ್ರ ಪುಸ್ತಕದ ಸರಳ ಯಂತ್ರ ನಿಜವಾಗಿ ಸರಳ.

ನಿಮ್ಮ ಊರ ಸುತ್ತಲೇ ಈ ಪಾಠದ ಚಿತ್ರಗಳು ಬೇಕಾದಷ್ಟಿವೆ. ಮಿಲ್ಲಿನ ಅಂಗಳದ ಭತ್ತದ ರಾಶಿ ನೋಡು. ಮೇಲಿನಿಂದ ಎಷ್ಟು ಸುರಿದರೂ ಬದಿಯ ಇಳಿಜಾರು ಒಂದು ಹಂತಕ್ಕಿಂತ ಕಡಿದಾಗುವುದಿಲ್ಲ, ಕಾಳು ಜಾರಿ ರಾಶಿ ಅಗಲವಾಗುತ್ತದೆ. ಸುರಿದ ಅಷ್ಟೂ ಕಾಳು ಸೇರಿ ಒಂದೇ ಕೋನ ಅಳೆದು ತೋರಿಸಿದ ಹಾಗೆ. ಹಸಿ ಭತ್ತದ ರಾಶಿ ಒಣಗಿದ್ದಕ್ಕಿಂತ ಕಡಿದಾಗಿ ನಿಲ್ಲುತ್ತದೆ. ನಮ್ಮ ಕಡೆ ಸಂಡೂರಿನ ಅದಿರು ತುಂಬಿದ ಟಿಪ್ಪರ್ ಹಿಂದೆ ನಿಂತು ನೋಡಿದರೆ (ದೂರ ನಿಂತು!) ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತೊಟ್ಟಿ ಮೇಲೇಳುತ್ತಾ ಇರುತ್ತದೆ, ಅದಿರು ಕದಲುವುದಿಲ್ಲ. ಆಮೇಲೆ ಒಮ್ಮೆಲೇ ದಬದಬ ಅಂತ ಅಷ್ಟೂ ಬೀಳುತ್ತದೆ. ಕದಲಿದ ಕ್ಷಣಕ್ಕೆ ಮ್ಯೂ ಇಳಿಯಿತಲ್ಲ, ಅದರ ಪರಿಣಾಮ.

ಆನೆಗೊಂದಿ ಕಡೆಯ ಬಂಡೆಗಳನ್ನಂತೂ ನೀನು ದಿನಾ ನೋಡುತ್ತೀಯ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಕಲ್ಲು, ಈಗಲೋ ಆಗಲೋ ಉರುಳುವ ಹಾಗೆ ಓರೆಯಲ್ಲಿ ಕೂತಿರುತ್ತದೆ. ಕಲ್ಲಿನ ಮೇಲೆ ಕಲ್ಲಿಗೆ ಮ್ಯೂ 0.6ರ ಆಸುಪಾಸು ಅಂತ ಹಿಡಿದರೆ 31 ಡಿಗ್ರಿಯ ತನಕ ಬಂಡೆ ಸುಮ್ನೆ ಕೂರಬಹುದು. 31 ಡಿಗ್ರಿ ಕಣ್ಣಿಗೆ ಬಹಳ ಕಡಿದು ಕಾಣುತ್ತದೆ. ಅದರಿಂದಲೇ ಆ ಭಯ. ಆದರೆ ಅಲ್ಲಿ ಬರೀ ಘರ್ಷಣೆಯ ಲೆಕ್ಕ ಹಚ್ಚಬೇಡ. ಎಷ್ಟೋ ಬಂಡೆಗಳ ಬುಡ ತಗ್ಗಿನಲ್ಲಿ ಕೂತಿರುತ್ತದೆ, ಪಕ್ಕದ ಕಲ್ಲು ಆನಿಸಿಕೊಂಡಿರುತ್ತದೆ. ಅಂಜನಾದ್ರಿ ಹತ್ತುವಾಗ ಮೆಟ್ಟಿಲು ಎಣಿಸಿದ್ದೀಯಾ? 575. ಆ ಮೆಟ್ಟಿಲುಗಳು ಮಾಡುವುದು ಇಷ್ಟೇ: ದೊಡ್ಡ ಇಳಿಜಾರನ್ನು 575 ಮಲಗಿದ ಹಲಗೆಗಳಾಗಿ ಕತ್ತರಿಸುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ಥೀಟಾ ಸೊನ್ನೆ, ನಿಂತವರಿಗೆ ಘರ್ಷಣೆಯೂ ಬೇಡ.

ಇಷ್ಟೆಲ್ಲ ಲೆಕ್ಕ ನಿಂತಿರುವುದು 0.5 ಅನ್ನುವ ಒಂದು ಸಂಖ್ಯೆಯ ಮೇಲೆ. ಅದು ಲೆಕ್ಚರರ್ ಉದಾಹರಣೆಗೆ ಕೊಟ್ಟದ್ದು. ನಿಮ್ಮ ಹಲಗೆ, ನಿಮ್ಮ ಗೋಣಿಯ ಮ್ಯೂ ನೀನೇ ಅಳೆಯಬಹುದು, ಟೇಪ್ ಒಂದು ಸಾಕು. ಒಂದು ಕೈಚೀಲದಷ್ಟು ಗೋಣಿ ತಗೊಂಡು ಐದಾರು ಕೆ.ಜಿ. ಭತ್ತ ತುಂಬಿ ಬಾಯಿ ಕಟ್ಟು. ತೂಕ ಹೊಡೆದು ಹೋಗುತ್ತದೆ ಅಂದೆನಲ್ಲ, ದೊಡ್ಡ ಚೀಲವೇ ಬೇಕಿಲ್ಲ. ಹಲಗೆಯ ಮೇಲಿಟ್ಟು ಒಂದು ತುದಿಯನ್ನು ಅಲುಗದ ಹಾಗೆ ನಿಧಾನ ಎತ್ತಿಸು. ಚೀಲ ಕದಲಿದ ತಕ್ಷಣ ನಿಲ್ಲಿಸಿ ತುದಿಯ ಎತ್ತರ ಅಳೆ, ಅದರ ನೇರ ಕೆಳಗಿನಿಂದ ಬುಡದ ತನಕ ನೆಲದ ದೂರ ಅಳೆ. ಎತ್ತರ ಭಾಗಿಸು ದೂರ, ಅದೇ ಟ್ಯಾನ್, ಅದೇ ಮ್ಯೂ. ಐದು ಸಲ ಮಾಡಿದರೆ ಐದು ಬೇರೆ ಬೇರೆ ಉತ್ತರ ಬರುತ್ತದೆ. ಗಾಬರಿ ಬೇಡ, ಮ್ಯೂ ಇರುವುದೇ ಹಾಗೆ. ಸರಾಸರಿ ತೆಗೆ. ಜಾರುವಾಗಿನ ಮ್ಯೂ ಬೇಕಾದರೆ, ಪ್ರತಿ ಎತ್ತರದಲ್ಲೂ ಚೀಲಕ್ಕೆ ಬೆರಳಲ್ಲಿ ತಟ್ಟಿ ನೋಡು. ತಟ್ಟಿದ ಮೇಲೆ ನಿಲ್ಲದೆ, ವೇಗ ಏರಿಸದೆ ಒಂದೇ ಸಮ ಇಳಿಯುವ ಎತ್ತರ ಹುಡುಕು.

0.5 ಬಂದರೆ ಅಪ್ಪನಿಗೆ ಹೇಳಲು ಒಂದು ಮಾತು ಸಿಗುತ್ತದೆ. ತಳ 1.5 ಮೀಟರ್ ಇರುವ ಲಾರಿ ಬಂದ ದಿನ ಚೀಲ ತಾನೇ ಜಾರದೆ ನಿಲ್ಲಬೇಕಾದರೆ ಹಲಗೆ ಕನಿಷ್ಠ 3.35 ಮೀಟರ್ ಇರಬೇಕು, ಅಂದರೆ 11 ಅಡಿ. ನಿಮ್ಮ 3 ಮೀಟರಿನ ಹಲಗೆ 10 ಅಡಿಗೂ ಚೂರು ಕಡಿಮೆ. 12 ಅಡಿಯದು ಹಚ್ಚಿದರೆ ಟ್ಯಾನ್ 0.45ಕ್ಕೆ ಇಳಿಯುತ್ತದೆ. ಚೀಲ ಮತ್ತೆ ಬಿಟ್ಟರೆ ನಿಲ್ಲುತ್ತದೆ, ಅಂಗೈಲಿ ನೂಕಿದರೆ ಇಳಿಯುತ್ತದೆ.